ಹದಿಮೂರು ಮಂದಿಯ ಹನಿಮೂನು

ನಮ್ಮ ವಂಶದಲ್ಲಿ ಇದುವರೆಗೆ ಯಾರೂ ನೀರಿನಲ್ಲಿ ಮುಳುಗಿ ಸತ್ತಿಲ್ಲ. ಮುಳುಗುವಷ್ಟು ಹತ್ತಿರ ಯಾರಾದರೂ ಹೋಗಿದ್ದರೆ ತಾನೆ! ಅಮ್ಮ ಬಕೆಟ್ಟನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸುವುದಿಲ್ಲ. ಬಸ್ಸು ಸೇತುವೆ ಹತ್ತಿದರೆ ಚಿಕ್ಕಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ. ಕೇಳಿದರೆ ನಿದ್ದೆ ಬಂತು ಎನ್ನುತ್ತಾರೆ. ನಾನು ಮೂವತ್ತಾರು ವರ್ಷದ ಲಿಫ್ಟ್ ಮೆಕ್ಯಾನಿಕ್ಕು. ಹದಿನೆಂಟನೇ ಮಹಡಿಯಲ್ಲಿ ಒಂದು ಬೆಲ್ಟು ನಂಬಿ ನೇತಾಡಿದ ಗಂಡಸು. ಆದರೆ ಷವರ್ ತಿರುಗಿಸಿದರೆ ಎದೆ ಢವಢವ. ಸ್ನಾನಕ್ಕೆ ನನಗೆ ಚೊಂಬೇ ಆಗಬೇಕು.

ಇಂಥವನ ಮೂಗಿನ ಮುಂದೆ ನನ್ನ ಭಾವೀ ಹೆಂಡತಿ ಫೋನು ಹಿಡಿದು, "ಹನಿಮೂನಿಗೆ ಇಲ್ಲಿಗೇ ಹೋಗೋಣ" ಎಂದಳು. ಅವಳು ಹಲ್ಲಿನ ಡಾಕ್ಟರು. ಕಾಫಿ ಅಂಗಡಿಯಲ್ಲಿ ಕೂತಿದ್ದೆವು. ನಿಶ್ಚಿತಾರ್ಥವಾಗಿ ನಾಲ್ಕು ತಿಂಗಳಾದರೂ ನಾವಿಬ್ಬರೇ ಕೂತು ಮಾತಾಡಿದ ದಿನವೇ ಇರಲಿಲ್ಲ. ಅವತ್ತೂ ಪಕ್ಕದ ಮೇಜಿನಲ್ಲಿ ಅಕ್ಕನ ಗಂಡ, ಅಂದರೆ ನನ್ನ ಭಾವ, ಪೇಪರು ತಲೆಕೆಳಗಾಗಿ ಹಿಡಿದು ನಮ್ಮ ಮಾತು ಕೇಳುತ್ತಿದ್ದರು.

ಫೋನಿನಲ್ಲಿ ಯಾವುದೋ ದ್ವೀಪದ ಸಮುದ್ರ. ಸಮುದ್ರದೊಳಗೆ ಕಂಬ ನೆಟ್ಟು ಕಂಬದ ಮೇಲೊಂದು ಬಂಗಲೆ. ಮಂಚದ ಪಕ್ಕ ಗಾಜಿನ ನೆಲ, ಅದರ ಕೆಳಗೆ ಮೀನು. ಹಿಂಬಾಗಿಲು ತೆಗೆದರೆ ಮೆಟ್ಟಿಲು ನೇರ ನೀರಿಗೆ. ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಎದ್ದು ಹೊರಟವನ ಗತಿಯೇನು ಎಂದು ಕಟ್ಟಿದ ಪುಣ್ಯಾತ್ಮರು ಯೋಚಿಸಿಯೇ ಇಲ್ಲ. ಅಡಿಯಲ್ಲಿ 'ಅಲೆಗಳ ಜೋಗುಳ', 'ನೀವಿಬ್ಬರೇ, ಜೊತೆಗೆ ಅನಂತ ನೀಲಿ' ಎಂದೆಲ್ಲ ಬರೆದಿದ್ದರು. ಕಂಬ ಎಷ್ಟು, ಯಾವ ಮರ, ಕೊನೆಯ ತಪಾಸಣೆ ಯಾವಾಗ ಆಯಿತು ಎಂಬುದರ ಬಗ್ಗೆ ಒಂದಕ್ಷರವಿಲ್ಲ.

"ಹೇಗಿದೆ?" ಎಂದಳು.

"ಆಹಾ!" ಎಂದೆ. ಮದುವೆಗೆ ಮುಂಚೆಯೇ ಪುಕ್ಕಲ ಅನ್ನಿಸಿಕೊಳ್ಳಲು ಯಾರಿಗೆ ಇಷ್ಟ? ಹತ್ತು ದಿನಕ್ಕೆ ಬುಕ್ ಮಾಡಿಯೇಬಿಟ್ಟಳು.

ಆ ವಾರವಿಡೀ ಊಟ ಸೇರಲಿಲ್ಲ. ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ: ಎಷ್ಟು ಭಾರ ತಡೆಯುತ್ತದೆಂದು ಬರೆದ ತಗಡು ನೋಡದೆ ಯಾವ ಲಿಫ್ಟಿನ ಪೆಟ್ಟಿಗೆಯೊಳಗೂ ಕಾಲಿಡುವುದಿಲ್ಲ. ನಾನು ನೋಡಿಕೊಳ್ಳುವ ಲಿಫ್ಟುಗಳಲ್ಲೆಲ್ಲ '13 ಜನ, 884 ಕೆ.ಜಿ.' ಎಂದಿರುತ್ತದೆ. ಅದನ್ನು ಓದಿದರೆ ನನಗೆ ನೆಮ್ಮದಿ. ಹಾಗಾಗಿ ದ್ವೀಪದ ಹೋಟೆಲಿಗೆ ಫೋನಿನಲ್ಲೇ ಒಂದು ಪತ್ರ ಹಾಕಿದೆ: 'ಮಾನ್ಯರೇ, ನಾವು ಬುಕ್ ಮಾಡಿರುವ ನೀರಿನ ಮೇಲಿನ ಬಂಗಲೆಯ ನೆಲ ಹದಿಮೂರು ಜನರನ್ನು, ಅಂದರೆ 884 ಕಿಲೋ ಭಾರವನ್ನು, ಒಟ್ಟಿಗೆ ತಡೆಯುತ್ತದೆಯೇ? ದಯವಿಟ್ಟು ಲಿಖಿತವಾಗಿ ತಿಳಿಸಿ.'

ಮರುದಿನವೇ ಮ್ಯಾನೇಜರನ ಉತ್ತರ ಬಂತು. 'ನಿಮ್ಮ ಹದಿಮೂರು ಜನರ ಬಳಗವನ್ನು ಸ್ವಾಗತಿಸಲು ನಮಗೆ ಪರಮಾನಂದ! ನೀರಿನ ಮೇಲಿನ ಬಂಗಲೆ ಇಬ್ಬರಿಗೆ ಮಾತ್ರ. ಆದ್ದರಿಂದ ಅದನ್ನು ರದ್ದುಮಾಡಿ, ಅದೇ ದರದಲ್ಲಿ, ನೆಲದ ಮೇಲಿರುವ ನಮ್ಮ ದೊಡ್ಡ ಮನೆಯನ್ನು ನಿಮಗೆ ಕೊಟ್ಟಿದ್ದೇವೆ.'

ನೆಲದ ಮೇಲೆ! ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಮನೆಯಲ್ಲಿ ಅಷ್ಟು ನೀರಿಗೆ ಅಡ್ಡಿಯಿಲ್ಲ. 'ಸ್ವಾಮೀ, ನಾವಿಬ್ಬರೇ' ಎಂದು ಒಂದು ಸಾಲು ಬರೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬರೆಯಲಿಲ್ಲ. ತಪ್ಪು ಹೋಟೆಲಿನವರದು, ಮರ್ಯಾದೆ ನನ್ನದು, ಎರಡೂ ಅವರವರ ಜಾಗದಲ್ಲೇ ಇರಲಿ ಎಂದುಕೊಂಡೆ.

ಆದರೆ ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟು ಕೈತೊಳೆಯಲು ಹೋಗಿದ್ದೆ. ಬರುವಷ್ಟರಲ್ಲಿ ಭಾವ ಪತ್ರವನ್ನು ಎಲ್ಲರಿಗೂ ಓದಿ ಹೇಳಿಯಾಗಿತ್ತು.

"ನೋಡಿದ್ಯಾ, ನಮಗೆ ಗೊತ್ತಾಗ್ದೇ ಇರ್ಲಿ ಅಂತ ಗುಟ್ಟಾಗಿ ಮಾಡಿದಾನೆ!" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಾರ ಮಗ ಹನಿಮೂನಿಗೆ ಅಪ್ಪ ಅಮ್ಮನ್ನ ಕರ್ಕೊಂಡು ಹೋಗ್ತಾನೆ ಹೇಳಿ!"

ಯಾರೂ ಹೋಗುವುದಿಲ್ಲ, ಅದೇ ಅದರ ಅರ್ಥ ಎಂದು ಹೇಳಲು ಬಾಯಿ ಬರಲಿಲ್ಲ. ಚಿಕ್ಕಪ್ಪನಿಗೆ ಮಾತ್ರ ಒಂದು ಅನುಮಾನವಿತ್ತು. ದ್ವೀಪ ಅಂದಮೇಲೆ ನೀರಿರುತ್ತದಲ್ಲ? ಅವರೇ ಯೋಚಿಸಿ ಅವರೇ ತೀರ್ಪು ಕೊಟ್ಟರು. "ಸುತ್ತ ಇದ್ರೆ ಇರ್ಲಿ ಬಿಡು. ಕೆಳಗೆ ಇರಬಾರದು ಅಷ್ಟೆ. ಹೇಗೂ ವಿಮಾನ ನೇರ ದ್ವೀಪಕ್ಕೇ ಇಳಿಯುತ್ತಂತೆ."

ನಮ್ಮಿಬ್ಬರನ್ನು ಬಿಟ್ಟು ಉಳಿದ ಹನ್ನೊಂದು ಜಾಗ ಹತ್ತೇ ನಿಮಿಷದಲ್ಲಿ ಭರ್ತಿಯಾದವು. ಅಪ್ಪ, ಅಮ್ಮ, ಅಕ್ಕ, ಭಾವ, ಅವರ ಮಕ್ಕಳಿಬ್ಬರು, ಚಿಕ್ಕಪ್ಪ, ಚಿಕ್ಕಮ್ಮ, ದೊಡ್ಡತ್ತೆ, ಅವರ ಮಗಳು. ಒಂದು ಜಾಗ ಸುಮ್ಮನೆ ಹಾಳಾಗುತ್ತದಲ್ಲ ಎಂದು ಮದುವೆಯ ಫೋಟೊಗ್ರಾಫರನ್ನೂ ಸೇರಿಸಿದರು. "ಹೊಸ ಜೋಡಿಗೆ ನಾವು ತೊಂದ್ರೆ ಕೊಡಲ್ಲಪ್ಪ" ಎಂದು ದೊಡ್ಡತ್ತೆ ಅಭಯ ಕೊಟ್ಟರು. "ಪಕ್ಕದ ರೂಮಲ್ಲೇ ಇರ್ತೀವಿ. ಏನಾದ್ರೂ ಬೇಕಾದ್ರೆ ಗೋಡೆ ಬಡಿ."

ಸಂಜೆಯೊಳಗೆ ಕೇರಂ ಬೋರ್ಡು ಕಟ್ಟಿ ಬಾಗಿಲ ಬಳಿ ಇಟ್ಟಾಯಿತು.

ಮರುದಿನ ಮಧ್ಯಾಹ್ನ ನಾನು ಒಂದು ಹಳೇ ಕಟ್ಟಡದ ಲಿಫ್ಟಿಗೆ ಎಣ್ಣೆ ಬಿಡುತ್ತಿದ್ದೆ. ಡಾಕ್ಟರಮ್ಮ ಬಿಳಿ ಕೋಟಿನಲ್ಲೇ ಬಂದಳು. ಅಮ್ಮ ಅವಳಿಗೂ ಫೋನು ಮಾಡಿ ಸಂತೋಷದ ಸುದ್ದಿ ಹೇಳಿಬಿಟ್ಟಿದ್ದರು.

"ಒಳಗೆ ಬನ್ನಿ" ಎಂದೆ. ಬಾಗಿಲು ಮುಚ್ಚಿ, ನಾಲ್ಕನೇ ಮಹಡಿಗೂ ಐದನೇ ಮಹಡಿಗೂ ನಡುವೆ ಲಿಫ್ಟು ನಿಲ್ಲಿಸಿದೆ. ನಾಲ್ಕು ತಿಂಗಳಲ್ಲಿ ಮೊದಲ ಸಲ ನಾವಿಬ್ಬರೇ ಇದ್ದೆವು.

"ನನಗೆ ನೀರು ಅಂದ್ರೆ ಭಯ" ಎಂದೆ. "ಭಯ ಅಂದ್ರೆ ಅಂತಿಂಥಾ ಭಯ ಅಲ್ಲ."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ದಿನಾ ಮೂವತ್ತು ಜನ ಹೆದರಿಕೊಂಡವರನ್ನೇ ನೋಡ್ತೀನಿ ನಾನು. ನೀವು ಆಹಾ ಅಂದಾಗ ನಿಮ್ಮ ದವಡೆ ಕಲ್ಲಾಗಿತ್ತು. ನಿಶ್ಚಿತಾರ್ಥದ ಛತ್ರದಲ್ಲಿ ಒಂದು ಪುಟ್ಟ ಕಾರಂಜಿ ಇತ್ತಲ್ಲ, ನೆನಪಿದೆಯಾ? ಅದನ್ನ ತಪ್ಪಿಸ್ಕೊಳ್ಳೋಕೆ ನೀವು ಮನೆಯವರೆಲ್ಲ ಗೋಡೆಗೆ ಅಂಟಿಕೊಂಡು ಸಾಲಾಗಿ ನಡೆದ್ರಿ."

"ಗೊತ್ತಿದ್ದೂ ನೀರಿನ ಮೇಲೇ ಯಾಕ್ರೀ ಬುಕ್ ಮಾಡಿದ್ರಿ?"

ಅವಳಿಗೆ ಸಿಟ್ಟೇ ಬಂತು. "ನಿಮ್ಮ ಮನೆಯವರು ಬರದೇ ಇರೋ ಜಾಗ ಭೂಮಿ ಮೇಲೆ ಬೇರೆ ಯಾವುದಿತ್ತು ಹೇಳಿ! ಹತ್ತು ದಿನ, ನೀವು ಮತ್ತೆ ನಾನು. ಅಷ್ಟೇ ಕೇಳಿದ್ದು. ಒಬ್ಬರ ಭಯ ನಾನು ಸಂಭಾಳಿಸ್ತೀನಿ. ಹನ್ನೊಂದು ಜನರ ಪ್ರೀತಿ ನನ್ನ ಕೈಲಾಗಲ್ಲ." ನನಗೆ ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಯಿತು. ಮೇಲಿನ ಮಹಡಿಯಿಂದ ಯಾರೋ ಬಾಗಿಲು ಗುದ್ದಿ, "ಇನ್ನೂ ಎಷ್ಟೊತ್ತು?" ಎಂದು ಕೂಗುತ್ತಿದ್ದರು.

ಲಿಫ್ಟಿನಲ್ಲೇ ನಿಂತು ಹೋಟೆಲಿಗೆ ಬರೆದೆ: 'ಇಬ್ಬರೇ. ಒಟ್ಟು ಭಾರ 131 ಕಿಲೋ. ನೀರಿನ ಮೇಲೆಯೇ ಬೇಕು.' ಬಂಗಲೆ ಇನ್ನೂ ಖಾಲಿಯಿತ್ತು. ಸಿಕ್ಕಿತು.

ಮನೆಯಲ್ಲಿ ಹೇಳಿದೆ. ಕೇರಂ ಬೋರ್ಡು ಮೆಲ್ಲಗೆ ಒಳಗೆ ಹೋಯಿತು. ಅಮ್ಮ ಮಾತ್ರ ಎದುರಿಗೆ ಬಂದು ನಿಂತರು.

"ಅವಳು ಬಾವಿಗೆ ಬೀಳು ಅಂದ್ರೆ ಬೀಳ್ತೀಯೇನೋ?"

"ಈಗ ಹಾಗೇ ಕಾಣುತ್ತಮ್ಮಾ" ಎಂದೆ. ಅಮ್ಮ ಎರಡು ದಿನ ಮಾತು ಬಿಟ್ಟರು.

ಮದುವೆ ಮುಗಿದು ಹೊರಡುವ ದಿನ ನನ್ನ ಕೈಗೊಂದು ಪೊಟ್ಟಣ ತುರುಕಿದರು. ಒಳಗೆ ಈಜು ಕಲಿಯುವ ಮಕ್ಕಳು ಸೊಂಟಕ್ಕೆ ಹಾಕಿಕೊಳ್ಳುವ ರಬ್ಬರ್ ಟ್ಯೂಬು, ಮುಂದುಗಡೆ ಬಾತುಕೋಳಿಯ ತಲೆ. ನನ್ನಮ್ಮ, ಜೀವಮಾನದಲ್ಲಿ ಕೆರೆ ಕಡೆ ಮುಖ ಹಾಕದವರು, ಅಂಗಡಿ ಅಂಗಡಿ ಸುತ್ತಿ ತಂದಿದ್ದರು. "ಮಲಗೋವಾಗ್ಲೂ ಬಿಚ್ಚಬೇಡ ಕಣೋ" ಎಂದು ಮುಖ ತಿರುಗಿಸಿಕೊಂಡರು.

ಬಂಗಲೆಯ ಹೊಸ್ತಿಲಲ್ಲಿ ನಾನು ಹದಿನೈದು ನಿಮಿಷ ನಿಂತೆ. ಎಂಟು ವರ್ಷದ ಮಕ್ಕಳ ಅಳತೆಯ ಟ್ಯೂಬು ಸೊಂಟಕ್ಕೆ ಇಳಿಯದೆ ಎದೆಯಲ್ಲೇ ಸಿಕ್ಕಿಕೊಂಡಿತ್ತು. ಬಾತುಕೋಳಿಯ ಕೊಕ್ಕು ಗದ್ದಕ್ಕೆ ಚುಚ್ಚುತ್ತಿತ್ತು. ನನ್ನ ಹೆಂಡತಿ ನಗಲಿಲ್ಲ. ಒಳಗೆ ಹೋಗಿ ಗಾಜಿನ ನೆಲದ ಆಚೆ ಬದಿ ನಿಂತು ಎರಡೂ ಕೈ ಚಾಚಿದಳು.

"ಕೆಳಗೆ ನೋಡ್ಬೇಡಿ, ನನ್ನ ನೋಡಿ. ಬಾಯಿ ದೊಡ್ಡದಾಗಿ ತೆಗೀರಿ. ಹಾಂ... ಉಸಿರು ಬಿಡಿ. ಏನೂ ಆಗಲ್ಲ. ಇನ್ನೊಂಚೂರು... ಇನ್ನೊಂಚೂರು..."

ಬಾಯಿ ತೆರೆದುಕೊಂಡೇ ಹೆಜ್ಜೆಯಿಟ್ಟೆ. ಕಾಲಡಿ ಏನೋ ನೀಲಿಯಾಗಿ ಹೊಳೆಯುತ್ತಿತ್ತು, ಅದರಲ್ಲೊಂದು ಮೀನು ನನ್ನ ಹಾಗೆಯೇ ಬಾಯಿ ತೆರೆದುಕೊಂಡಿತ್ತು. ಅವಳ ಕೈ ನನ್ನ ಕೈಗೆ ಸಿಕ್ಕಿತು.

"ಆಯ್ತು, ಅಷ್ಟೇ" ಎಂದಳು.