ನಾಲ್ಕಿಂಚಿನ ಗರಿ

ವಿದ್ಯಾವತಿ ಗ್ಯಾರೇಜಿನ ಹಲಗೆಯ ಮೇಲಿಂದ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಎಳೆದದ್ದೇ ತಡ, ಅದರ ತಳ ಬಿಚ್ಚಿಕೊಂಡು ಬಾಣಗಳು ಸಿಮೆಂಟು ನೆಲದ ಮೇಲೆ ಚೆಲ್ಲಿದವು. ಅವಳು ಹುಡುಕುತ್ತಿದ್ದದ್ದು ಪೂಜೆಯ ಹಿತ್ತಾಳೆ ಹರಿವಾಣ. ಮಧ್ಯಾಹ್ನ ಗಂಡ ಕರಬಸಪ್ಪನನ್ನು ಮಣ್ಣು ಮಾಡಬೇಕಿತ್ತು.

ಸದ್ದು ಕೇಳಿ ವೀರಣ್ಣ ಒಳಬಂದರು. ಅಟ್ಲಾಂಟಾದಲ್ಲಿ ನೆಲೆಸಿದ ನಿವೃತ್ತ ಡಾಕ್ಟರು, ಕರಬಸಪ್ಪನ ಹಳೆಯ ಗೆಳೆಯ. ಇತ್ತ ಲಿಂಗಾಯತರ ಮನೆಯಲ್ಲಿ ಸಾವಾದರೆ ಜಂಗಮರಿಲ್ಲದ ಕೊರತೆಯನ್ನು ತುಂಬುವವರು ಅವರೇ. ಒಂದು ಬಾಣವನ್ನು ಎತ್ತಿ ಬೆಳಕಿಗೆ ಹಿಡಿದರು. ಮುಂದೆ ಕ್ಷೌರದ ಬ್ಲೇಡಿನಂಥ ಮೂರು ಅಲಗು, ಹಿಂದೆ ಹಳದಿ ಪ್ಲಾಸ್ಟಿಕ್ಕಿನ ಮೂರು ಗರಿ.

"ಇದು ಟಾರ್ಗೆಟ್‌ಗೆ ಹೊಡಿಯೋದಲ್ಲ ತಾಯಿ, ಜಿಂಕೆಗೆ. ನನ್ನ ಪೇಷೆಂಟ್ಸ್ ಹತ್ರ ನೋಡಿದೀನಿ."

"ಇವರು ಮೊಟ್ಟೆ ಹಾಕಿದ ಕೇಕನ್ನೂ ಮುಟ್ತಿರ್ಲಿಲ್ಲ ಡಾಕ್ಟ್ರೇ."

"ತಿನ್ನೋದು ಬೇರೆ, ಹೊಡಿಯೋದು ಬೇರೆ."

ಬಾಗಿಲಲ್ಲಿ ನಿಂತಿದ್ದ ಮಗಳು ಭಾವನಾ ಹೇಳಿದಳು: "ಅಂಕಲ್, ಅಪ್ಪನ ಹತ್ರ ಬೋ ಇರ್ಲೇ ಇಲ್ಲ. ಹೌ ಕುಡ್ ಹಿ ಶೂಟ್?"

"ಈ ದೇಶದಲ್ಲಿ ಹೆಣದ ಪೆಟ್ಟಿಗೇನೂ ಬಾಡಿಗೆಗೆ ಸಿಗುತ್ತಮ್ಮ, ಬಿಲ್ಲು ಸಿಗಲ್ವಾ?" ಎಂದ ವೀರಣ್ಣನವರಿಗೆ ತಮ್ಮ ಮಾತು ತಮಗೇ ಹಿಡಿಸಲಿಲ್ಲ. ದನಿ ತಗ್ಗಿಸಿದರು. "ತಪ್ಪು ತಿಳ್ಕೋಬೇಡಿ ವಿದ್ಯಾವತಿ. ಅವನ ಕೈಗೆ ಲಿಂಗ ಇಟ್ಟು ಕಳಿಸ್ಬೇಕಾದೋನು ನಾನು. ಬೇಟೆಯಾಡಿದ ಕೈ ಅಂತ ಗೊತ್ತಾದ್ಮೇಲೆ ಹ್ಯಾಗೆ ಇಡ್ಲಿ?"

"ಇಡದೇ ಕಳಿಸ್ತೀರಾ?"

ವೀರಣ್ಣ ಬಗ್ಗಿ ಬಾಣಗಳನ್ನು ಆಯತೊಡಗಿದರು.

* * *

ಸಾಯುವ ಕೆಲವು ತಿಂಗಳ ಹಿಂದೆ, ಬೇಸಿಗೆಯ ಒಂದು ಸಂಜೆ ಕರಬಸಪ್ಪ ಅಡಿಗೆಮನೆಯ ಮೇಜಿನ ಮೇಲೆ ತಕ್ಕಡಿ ಇಟ್ಟುಕೊಂಡು ಕೂತಿದ್ದ. ರಾಲಿಯ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಜೀವಮಾನವೆಲ್ಲ ಮಣ್ಣು ತೂಗಿದವನಿಗೆ ರಿಟೈರಾದ ಮೇಲೂ ತೂಗದೆ ಇರಲಾಗುತ್ತಿರಲಿಲ್ಲ.

"ಅಯ್ಯೋ, ಹಕ್ಕಿ ಪುಕ್ಕ! ಅಡಿಗೆಮನೆಗೆ ತಂದ್ರಾ?" ಎಂದಿದ್ದಳು ವಿದ್ಯಾವತಿ.

"ಟರ್ಕಿ ಕೋಳೀದು. ತೂಗಿ ಎತ್ತಿಡ್ತೀನಿ ಕಣೆ. ಇದು ಹಗುರ. ಬಿಲ್ಲಿಗೆ ತಾಗಿದ್ರೂ ಬಾಗುತ್ತೆ, ಬಾಣ ಓರೆ ಹೋಗಲ್ಲ. ಆದ್ರೆ ಮಳೇಲಿ ನೆನೆದು ಮಲಗಿಬಿಡುತ್ತೆ. ಪ್ಲಾಸ್ಟಿಕ್ ನೆನೆಯಲ್ಲ, ಆದ್ರೆ ಭಾರ. ಬಾಗೋದೂ ಇಲ್ಲ."

"ಹಾಗಾದ್ರೆ ದೊಡ್ಡ ಪ್ಲಾಸ್ಟಿಕ್ಕೇ ಹಾಕಿ, ಮುಗೀತು."

"ಮುಂದೆ ಅಲಗು ಇದ್ರೆ ಅದೂ ಗಾಳಿ ಹಿಡಿದು ಎಳೆಯುತ್ತೆ. ಅದನ್ನ ಅಡಗಿಸೋಕೆ ಹಿಂದೆ ದೊಡ್ಡ ಗರಿ ಬೇಕು, ನಿಜ. ಐದಿಂಚಿಂದು ಹಾಕಿದ್ರೆ ಬಿಲ್ಲಿಗೆ ಬಡಿಯುತ್ತೆ. ನಾಲ್ಕಿಂಚಿಂದನ್ನ ಸ್ವಲ್ಪ ತಿರುಚಿ ಅಂಟು ಹಾಕಿ ಕೂರಿಸಿದ್ರೆ ಬಾಣ ತಿರುಗ್ತಾ ನೆಟ್ಟಗೆ ಹೋಗ್ಬೋದು."

"ಯಾವುದೋ ಒಂದು ಕೂರಿಸಿ ಏಳಿ. ಚಪಾತಿ ಆರ್ತಿದೆ."

"ಯಾವುದೋ ಒಂದು ಅಂದ್ರೆ ಆಗಲ್ಲ ವಿದ್ಯಾ," ಎಂದಿದ್ದ. ಯಾಕೆ ಆಗುವುದಿಲ್ಲ ಎಂದು ಅವಳು ಕೇಳಿರಲಿಲ್ಲ. ನಿವೃತ್ತರಿಗೆ ಏನೋ ಒಂದು ಹುಚ್ಚು ಇರಲಿ ಎಂದುಕೊಂಡಿದ್ದಳು.

* * *

ಮಧ್ಯಾಹ್ನ, ಹೆಣವಿಟ್ಟಿದ್ದ ಏಪೆಕ್ಸ್ ಊರಿನ ಫ್ಯೂನರಲ್ ಹೋಮಿನಲ್ಲಿ ಎಲ್ಲರಿಗಿಂತ ಹಿಂದೆ ನಿಂತಿದ್ದವನು ಪಕ್ಕದ ಮನೆಯ ಡೇಲ್. ಅವನ ಮನೆಯಂಗಳದಲ್ಲಿ ಒಣಹುಲ್ಲಿನ ಪಿಂಡಿಗೆ ಬಾಣ ನಾಟಿರುವುದನ್ನು ವಿದ್ಯಾವತಿ ಬೇಲಿಯಾಚೆಯಿಂದ ಎಷ್ಟೋ ಸಲ ಕಂಡಿದ್ದಳು. ನೇರ ಅವನ ಬಳಿ ಹೋಗಿ ಇಂಗ್ಲಿಷಿನಲ್ಲೇ ಕೇಳಿದಳು: ನನ್ನ ಗಂಡ ನಿನ್ನ ಜೊತೆ ಬೇಟೆಗೆ ಬರುತ್ತಿದ್ದರೇ?

ಡೇಲ್ ಗಾಬರಿಯಾದ. "ಇಲ್ಲ ಮೇಡಂ. ಬಿಲ್ಲನ್ನು ಮುಟ್ಟಿದವರೂ ಅಲ್ಲ. ನನಗೆ ಬಾಣ ಮಾಡಿಕೊಡುತ್ತಿದ್ದರು."

ವೀರಣ್ಣ ಹತ್ತಿರ ಬಂದರು. ಡೇಲ್ ನೆಲ ನೋಡುತ್ತ ಹೇಳತೊಡಗಿದ. ಹೋದ ವರ್ಷ ವಿದ್ಯಾವತಿ ಜರ್ಮನ್‌ಟೌನಿನ ಮಗಳ ಮನೆಗೆ ಹೋಗಿದ್ದಾಗ ಅವನ ಬಾಣ ಗುರಿ ತಪ್ಪಿ ಜಿಂಕೆಯ ಹೊಟ್ಟೆಗೆ ಹೊಕ್ಕಿತ್ತು. ಅದು ಕಾಡು ದಾಟಿ ಬಂದು ಇವರ ಹಿತ್ತಲಿನ ಪೈನ್ ಮರದ ಕೆಳಗೆ ಬಿದ್ದಿತ್ತು. ರಕ್ತದ ಜಾಡು ಹಿಡಿದು ಅವನು ಬರುವಷ್ಟರಲ್ಲಿ ಕರಬಸಪ್ಪ ಅದರ ಪಕ್ಕ ಕೂತಿದ್ದರು.

"ಜೀವ ಹೋಗುವವರೆಗೂ ಏಳಲಿಲ್ಲ. ಬೈಯಲಿಲ್ಲ. ಬಾಣ ಯಾಕೆ ಓರೆ ಹೋಯಿತು ಎಂದು ಕೇಳಿದರು, ಅಷ್ಟೇ."

"ಬೇಟೆ ಬಿಡು ಅಂತ ಹೇಳಲಿಲ್ಲವಾ?" ವೀರಣ್ಣ ಕೇಳಿದರು.

"ಹೇಳಿದರು. ಬಿಡುವುದಿಲ್ಲ ಎಂದೆ. ಆಮೇಲೆಯೇ ಅವರು ಗರಿ ತರಿಸತೊಡಗಿದ್ದು." ಡೇಲ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಈ ಸಲ ಜಿಂಕೆ ನನ್ನ ಕಣ್ಣೆದುರಲ್ಲೇ ಬಿತ್ತು. ಓಡಿ ನರಳಲಿಲ್ಲ. ಹೋಗಿ ಹೇಳಿದಾಗ ಅವರು ಬಾಗಿಲು ಹಿಡಿದು ನಿಂತುಬಿಟ್ಟರು."

ವೀರಣ್ಣ ಉಸಿರು ಬಿಟ್ಟರು. "ಸದ್ಯ. ಹೊಡೆದೋನು ಕರಬಸಪ್ಪ ಅಲ್ಲ. ನಡೀರಿ ತಾಯಿ, ಹೊತ್ತಾಯ್ತು."

"ಹಾಗಂತ ಸಮಾಧಾನ ಮಾಡ್ಕೋಬೇಡಿ ಡಾಕ್ಟ್ರೇ," ವಿದ್ಯಾವತಿ ಅಲ್ಲೇ ನಿಂತಳು. "ಆ ಜಿಂಕೆ ಸತ್ತಿದ್ದು ಇವರು ಮಾಡಿದ ಬಾಣದಿಂದ್ಲೇ. ಗೊತ್ತಿದ್ದೇ ಮಾಡಿದಾರೆ. ಅದನ್ನೂ ತಿಳ್ಕೊಂಡು ಲಿಂಗ ಇಡೋದಾದ್ರೆ ಇಡಿ. ಇಲ್ದಿದ್ರೆ ನಾನೇ ಇಡ್ತೀನಿ."

ವೀರಣ್ಣ ಅವಳ ಮುಖವನ್ನೇ ನೋಡಿದರು. ಆಮೇಲೆ ಹೆಣದ ಪೆಟ್ಟಿಗೆಯ ಬಳಿಗೆ ನಡೆದು, ವಿಭೂತಿ ಹಚ್ಚಿ, ಗೆಳೆಯನ ಎಡಗೈಯನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸಿದರು.

ಅಲ್ಲಿಯವರು ಕೈಯನ್ನು ಚೆನ್ನಾಗಿಯೇ ತೊಳೆದಿದ್ದರು. ಆದರೂ ಹೆಬ್ಬೆರಳ ತುದಿಯಲ್ಲಿ ಒಣಗಿದ ಅಂಟಿನ ತೆಳುಪೊರೆಯೊಂದು ಹೊಳೆಯುತ್ತಿತ್ತು. ವೀರಣ್ಣ ಅದನ್ನು ಉಗುರಿನಿಂದ ಕೀಳಹೋದರು. ವಿದ್ಯಾವತಿ ಅವರ ಮಣಿಕಟ್ಟು ಹಿಡಿದಳು.

ವೀರಣ್ಣ ಉಗುರು ತೆಗೆದು, ಅಂಗೈಯ ನಡುವೆ ಲಿಂಗವನ್ನಿಟ್ಟರು. ಅವಳು ಗಂಡನ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಕೊನೆಗೆ ಆ ಹೆಬ್ಬೆರಳನ್ನು ಮೇಲೆ ಒತ್ತಿ ಹಿಡಿದಳು, ಹೊಸದಾಗಿ ಕೂರಿಸಿದ ಗರಿಯೊಂದು ಕಚ್ಚಿಕೊಳ್ಳುವವರೆಗೆ ಹಿಡಿಯುವ ಹಾಗೆ.