ಆವಿಗೆಯ ಬಾಯಿಯ ಹನ್ನೊಂದು ಬಟ್ಟಲು

ಮೊಣಕಾಲಿಗೆ ತಗುಲಿದ ಇಟ್ಟಿಗೆ ಇನ್ನೂ ಬೆಚ್ಚಗಿದೆ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಷ್ಟು, ಬೆಂಕಿಯ ಬಾಯಿ ಮುಚ್ಚಿ ಎಂಟು ದಿನವಾಯಿತು, ಆದರೂ ಪೂರ್ತಿ ಆರಿಲ್ಲ, ಇನ್ನೆರಡು ದಿನ ಬಿಡೋಣ ಅಂದಿದ್ದಳು ಮಿತ್ಸುಯೊ, ಮೈದುನ ಕೆನ್‌ಜೊ ಕೇಳಲಿಲ್ಲ, ನಾಳೆ ಅಣ್ಣ ಹೋದ ಹದಿನಾಲ್ಕನೇ ದಿನ, ಮಂತ್ರ ಓದೋಕೆ ಗುಡಿಯಿಂದ ಬರ್ತಾರೆ ಅತ್ತಿಗೆ, ಅವನ ಕೊನೇ ಆವಿಗೆ ಇದು, ಒಂದು ಬಟ್ಟಲಲ್ಲಾದ್ರೂ ಸಾಕೆ ಮದ್ಯ ಸುರಿದು ಅವನ ಮುಂದೆ ಇಡಬೇಡ್ವಾ ಅಂದ, ಅವಳು ತಲೆಗೆ ಬಟ್ಟೆ ಬಿಗಿದುಕೊಂಡು ಹಿಂಬದಿಯ ಕಿಂಡಿಯಿಂದ ಒಳಗೆ ತೆವಳಿದಳು, ಈಗ ಬೆನ್ನಿಗೆ ಚಾವಣಿ ತಗುಲುತ್ತಿದೆ, ಕೈಗೆ ಸಿಕ್ಕಿದ್ದನ್ನು ಹಿಂದಕ್ಕೆ ಕೊಡುತ್ತಾಳೆ, ಕಿಂಡಿಯಲ್ಲಿ ಕೂತ ಕೆನ್‌ಜೊ ಈಸಿಕೊಳ್ಳುತ್ತಾನೆ, ಆಚೆ ಅಂಗಳದಲ್ಲಿ ಮಗಳು ಚಿಹಾರು ಬೂದಿ ಒರೆಸಿ ಹಲಗೆಯ ಮೇಲೆ ಜೋಡಿಸುತ್ತಾಳೆ, ಎಲ್ಲವೂ ಪ್ರತಿ ವರ್ಷದ ಹಾಗೆಯೇ — ಕಿಂಡಿಯಲ್ಲಿ ಕೂರುವವರು ಬೇರೆ, ಅಷ್ಟೇ. ಅಮ್ಮ, ಮೂಗಿಗೆ ಬಟ್ಟೆ ಕಟ್ಕೊಂಡಿದೀಯಾ, ಚಿಹಾರುವಿನ ದನಿ, ಕಟ್ಕೊಂಡಿದೀನಿ ಎಂದಳು, ಕಟ್ಟಿಕೊಂಡಿರಲಿಲ್ಲ, ಗಂಡ ರ್ಯೋಸಾಕು ಕೂಡ ನಲವತ್ತು ವರ್ಷ ಹೀಗೇ ಕಟ್ಕೊಂಡಿದೀನಿ ಅನ್ನುತ್ತಲೇ ಮಣ್ಣಿನ ಧೂಳು ಕುಡಿದರು, ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಾಗ ಎದೆಯ ಗೂಡಿನ ತುಂಬ ಹಿಟ್ಟು ಚೆಲ್ಲಿದ ಹಾಗೆ ಬಿಳಿ, ಇದು ನಮ್ಮೂರು ಇಂಬೆಯ ಮಣ್ಣೇ ಅಲ್ವಾ ಡಾಕ್ಟರೇ, ಒಳ್ಳೇ ಮಣ್ಣು, ಸುಟ್ಟರೆ ಚೆನ್ನಾಗಿ ಬರುತ್ತೆ ಅಂತ ಅವರು ನಕ್ಕರು, ಆ ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ, ದಾದಿ ಓಡಿಬಂದು — ಅಲ್ಲಿಂದ ಆರು ವರ್ಷ ತಿಗರಿಯ ಮುಂದೆ ಅವರು ಕೂರಲಿಲ್ಲ, ಕೂರಲು ಉಸಿರಿರಲಿಲ್ಲ, ಕೂತವಳು ಅವಳು.

ಇದು ಹೊರಗೆ ಯಾರಿಗೂ ಗೊತ್ತಿಲ್ಲ, ಅಥವಾ ಗೊತ್ತಿದ್ದೂ ಯಾರೂ ಆಡುವುದಿಲ್ಲ, ಬೀದಿಯುದ್ದಕ್ಕೂ ಮನೆಗೊಂದು ಇಟ್ಟಿಗೆಯ ಚಿಮಣಿ ಇರುವ ಊರು ಇದು, ಯಾರ ಮನೆಯ ತಿಗರಿ ಯಾವ ಕೈಗೆ ತಿರುಗುತ್ತದೆ ಎಂಬುದು ಸದ್ದಿನಲ್ಲೇ ತಿಳಿಯುತ್ತದೆ, ಆರು ವರ್ಷದ ಬಟ್ಟಲುಗಳೆಲ್ಲ ಅವಳ ಬೆರಳಿನವು, ಒಣಗಿದ ಮೇಲೆ ಹಲಗೆಯನ್ನು ಅವರ ಹಾಸಿಗೆಯ ಪಕ್ಕಕ್ಕೆ ಒಯ್ಯುವಳು, ಅವರು ಒಂದೊಂದನ್ನೇ ಎತ್ತಿ ನೋಡಿ, ಅಡಿಯಲ್ಲಿ ತಮ್ಮ ಗುರುತು ಕೊರೆಯುವರು, ಒಂದು ದಿನವೂ ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಅಂತಲೂ ಅನ್ನಲಿಲ್ಲ, ಅಂಚು ತುಸು ದಪ್ಪ ಆಯ್ತು, ನಾಳೆ ನೋಡ್ಕೋ, ಅಷ್ಟೇ, ಒಕಾಯಾಮಾದಿಂದ ಬರುವ ಅಂಗಡಿಯವರು ಬಟ್ಟಲನ್ನು ತುಟಿಗೆ ತಗುಲಿಸಿ ಕಣ್ಣು ಮುಚ್ಚಿ, ಈ ಅಂಚು, ಇದು ರ್ಯೋಸಾಕು ಅವರಿಗಲ್ಲದೆ ಇನ್ಯಾರಿಗೆ ಬರುತ್ತೆ ಹೇಳಿ ಎಂದಾಗ ಅವಳು ಅದೇ ಅಂಗಡಿಯವರ ಮುಂದೆ ಚಹಾ ಇಡುತ್ತಿದ್ದಳು, ಉಗುರಿನ ಸಂದಿಯಲ್ಲಿ ಮಣ್ಣು ಇತ್ತು, ಅದನ್ನು ಅವರು ಕಂಡರು, ಬೇರೆ ಕಡೆ ನೋಡಿದರು, ಗಂಡ ಕೂಡ ಬೇರೆ ಕಡೆ ನೋಡಿದರು. ಅತ್ತಿಗೆ, ಒಳಗೇ ಸಂಸಾರ ಹೂಡಿಬಿಟ್ರಾ ಹೇಗೆ, ಇಲ್ಲಿ ಎರಡು ಜೀವ ಕಾಯ್ತಿದೆ — ಕೆನ್‌ಜೊ ಕರೆಯುತ್ತಾನೆ, ಬಂದೆ ತಡಿಯಪ್ಪ, ಎಂದು ಹೂಜಿ ಒಂದನ್ನು ಕೊಟ್ಟಳು, ಹುಲ್ಲು ಸುತ್ತಿದ ಕಡೆ ಕೆಂಪು ಗೆರೆ ಎದ್ದಿದೆ, ಪರವಾಗಿಲ್ಲ, ಮೂರು ತಟ್ಟೆ, ಒಂದು ಸೀಳಿದೆ, ಇನ್ನೊಂದು ಹಲಗೆ ಬಟ್ಟಲು, ಇವೆಲ್ಲ ಹಿಂಬದಿಯವು, ಬೆಂಕಿ ದಣಿದು ಬರುವ ಜಾಗದವು, ಮುಂದೆ ಮುಂದೆ ತೆವಳಿದಂತೆ ಗೋಡೆ ಹೊಳೆಯುತ್ತದೆ, ಬೂದಿ ಕರಗಿ ಇಟ್ಟಿಗೆಯ ಮೇಲೆ ಗಾಜಿನಂತೆ ಇಳಿದಿದೆ, ಬೆಂಕಿಯ ಬಾಯಿಯ ಪಕ್ಕದ್ದು ಕೊನೆಗೆ ಸಿಗುತ್ತದೆ, ಅದು ಅಲ್ಲಿದೆ, ಅವಳು ಅತ್ತ ಬ್ಯಾಟರಿ ಬಿಡಲಿಲ್ಲ.

ಹನ್ನೊಂದು. ಚಳಿಗಾಲದಲ್ಲಿ ಅವರು ಎರಡು ವಾರ ಆಸ್ಪತ್ರೆಯಲ್ಲಿದ್ದಾಗ ಮಾಡಿದ್ದು, ಮನೆಯಲ್ಲಿ ಅವಳೊಬ್ಬಳೇ, ಗದ್ದೆಯ ಅಡಿಯಿಂದ ತೆಗೆಸಿ ಅವರು ತಮ್ಮ ಕೊನೆಯ ಹೂಜಿಗೆಂದು ಎತ್ತಿಟ್ಟ ಮಣ್ಣು, ಅದನ್ನೇ ಮುಟ್ಟಿದಳು, ಕಳ್ಳತನ ಅನ್ನಬೇಕೆ ಅದನ್ನು, ಅನ್ನಬೇಕು, ಹದಿನೈದು ಮಾಡಿ ನಾಲ್ಕನ್ನು ಮುರಿದಳು, ಉಳಿದವುಗಳ ಅಡಿಯಲ್ಲಿ ಬಿದಿರುಕಡ್ಡಿಯಿಂದ ಮೂರು ಗೆರೆ ಎಳೆದಳು, ಮಿತ್ಸು ಅಂದರೆ ಮೂರು, ಅರವತ್ತೊಂದು ವರ್ಷಕ್ಕೆ ಮೊದಲ ಸಲ ತನ್ನ ಗುರುತು, ಹೇಳಬೇಕು, ನಾಳೆ ಹೇಳುತ್ತೇನೆ, ಆವಿಗೆ ತುಂಬುವ ದಿನ ಹೇಳುತ್ತೇನೆ, ಆವಿಗೆ ತುಂಬಿದವಳೂ ಅವಳೇ, ತೆವಳಲು ಅವರಿಂದ ಎಲ್ಲಾಗುತ್ತದೆ, ಬಾಯಿಯ ಪಕ್ಕದ ಜಾಗ ಇವರಪ್ಪನ ಕಾಲದಿಂದಲೂ ಯಜಮಾನನ ಹೂಜಿಗೆ ಮೀಸಲು, ಅಲ್ಲಿ ಅವಳು ತನ್ನ ಹನ್ನೊಂದನ್ನು ಜೋಡಿಸಿದಳು, ಹೊರಗಿಂದ ಅವರು ಏದುಸಿರಲ್ಲಿ ಮುಂದೆ ಏನಿಟ್ಟೆ ಅಂತ ಕೇಳಿದರು, ಬಟ್ಟಲು ಅಂದಳು, ಸುಳ್ಳೇನಲ್ಲ. ಆಮೇಲೆ ಹತ್ತು ದಿನದ ಬೆಂಕಿ, ಅವರ ಹಾಸಿಗೆಯನ್ನು ಜಗಲಿಯ ಬಾಗಿಲಿಗೆ ಎಳೆದು ಹಾಕಿದ್ದರು, ಅಲ್ಲಿಂದ ಚಿಮಣಿಯ ಹೊಗೆ ಕಾಣುತ್ತದೆ, ಆಮ್ಲಜನಕದ ಕೊಳವೆ ಮೂಗಿಗೆ ಸಿಕ್ಕಿಸಿಕೊಂಡು ಹೊಗೆ ನೋಡಿಯೇ ಹೇಳಿಕಳಿಸುವರು, ಕಪ್ಪಾಯ್ತು ನಿಲ್ಸು, ತೆಳ್ಳಗಾಯ್ತು ಹಾಕು, ಚಿಹಾರು ಜಗಲಿಗೂ ಆವಿಗೆಗೂ ನಡುವೆ ಓಡಾಡಿ ಓಡಾಡಿ, ಅಪ್ಪ ಹೇಳ್ತಾರೆ ಕಡಿಮೆ ಮಾಡಬೇಕಂತೆ, ನಿಮ್ಮಪ್ಪನಿಗೆ ಹೇಳು ನಂಗೂ ಕಣ್ಣಿದೆ ಅಂತ, ನೀನೇ ಹೇಳ್ಕೋ ಹೋಗಮ್ಮ, ನಾನೇನು ಟಪಾಲಿನವಳಾ — ಮೂವರೂ ನಕ್ಕಿದ್ದರು, ಮೂರನೇ ದಿನ ಅದು, ನಾಲ್ಕನೇ ದಿನ ಅವರು ಗಂಜಿ ಬೇಡ ಅಂದರು, ಐದನೇ ದಿನ ಮಾತು ನಿಂತಿತು. ಆರನೇ ದಿನ ಮಧ್ಯಾಹ್ನ. ಬೇಡ, ಅದು ಬೇಡ, ಈ ತಟ್ಟೆ ತಗೋ ಕೆನ್‌ಜೊ, ಹುಷಾರು, ಅಂಚು ಚೂಪಾಗಿದೆ, ಅವನು ಈಸಿಕೊಳ್ಳುತ್ತ ಮತ್ತೆ ಅದೇ ಮಾತು, ಊರೆಲ್ಲ ಅದನ್ನೇ ಹೇಳ್ತಿದೆ ಅತ್ತಿಗೆ, ಸಾಯೋ ಹೊತ್ತಲ್ಲೂ ಬೆಂಕಿ ಬಿಡಬೇಡ ಅಂದನಲ್ಲ ನಮ್ಮಣ್ಣ, ಅಂಗಡಿಯವರು ಅದನ್ನ ಬಟ್ಟಲಿನ ಪೆಟ್ಟಿಗೇಲಿ ಬರೆದು ಇಡ್ತಾರಂತೆ, ಓದಿದವರು ಅತ್ತುಬಿಡ್ತಾರೆ ನೋಡಿ, ಅವಳು ಹೂಂ ಎಂದಳು, ಆ ಮಾತನ್ನು ಹುಟ್ಟಿಸಿದವಳು ಅವಳೇ, ಹೆಣದ ಮುಂದೆ ಊದುಬತ್ತಿ ಉರಿಯುತ್ತಿದ್ದಾಗ ಇವನು ಕೇಳಿದ್ದ, ಅಣ್ಣ ಏನಾದ್ರೂ ಹೇಳಿದ್ನಾ ಅತ್ತಿಗೆ, ನೀವು ಕೆಳಗೆ ಆವಿಗೆ ಹತ್ರ ಇದ್ರಂತಲ್ಲ, ಅವಳ ಕೈ ತಾನಾಗಿ ಮೇಲೆದ್ದು ಮೂಗಿನ ಮುಂದೆ ಅಡ್ಡಡ್ಡ ಆಡಿತು, ಹೀಗೆ ಕೈ ಆಡಿಸಿದ್ರು, ಬೇಡ, ಬರಬೇಡ, ಬೆಂಕಿ ನೋಡ್ಕೋ ಅಂತ, ಹೆಂಗಸರು ಕಪ್ಪು ಉಡುಪಿನ ತೋಳಿಗೆ ಕಣ್ಣೊರೆಸಿಕೊಂಡರು, ಎಂಥ ಕುಂಬಾರ, ಎಂಥ ಹೆಂಡತಿ ಅಂದರು, ಚಹಾ ಸುರಿಯುತ್ತಿದ್ದ ಚಿಹಾರು ಕೆಟಲಿನ ಮೂತಿಯನ್ನೇ ನೋಡುತ್ತಿದ್ದಳು, ಒಂದು ಲೋಟ ತುಂಬಿ ಹರಿಯಿತು, ಅವಳು ಇನ್ನೂ ಸುರಿಯುತ್ತಲೇ ಇದ್ದಳು.

ಈಗ ಮುಂದೆ ಏನೂ ಉಳಿದಿಲ್ಲ, ಬೂದಿಯ ದಿಬ್ಬ, ಅದರಾಚೆ ಹಲಗೆ, ಬ್ಯಾಟರಿ ಬಿಟ್ಟಳು. ಬಿರಿದಿರಲಿ, ಅಂಟಿಕೊಂಡಿರಲಿ, ಚಾವಣಿಯ ಇಟ್ಟಿಗೆ ಬಿದ್ದು ಪುಡಿಯಾಗಿರಲಿ ಎಂದು ಹನ್ನೆರಡು ದಿನ ಬೇಡಿಕೊಂಡಿದ್ದಳು, ಹಾಗಾಗಿದ್ದರೆ ಎಲ್ಲ ಸಮವಾಗುತ್ತಿತ್ತು, ಆದರೆ ಹನ್ನೊಂದೂ ಇವೆ, ನೆಟ್ಟಗೆ, ಬೂದಿ ಕರಗಿ ಬಟ್ಟಲಿನ ಮೈಮೇಲೆ ಹಸಿರಾಗಿ ಹರಿದು ಅಂಚಿನಿಂದ ಒಳಕ್ಕೆ ಇಳಿದು ತಳದಲ್ಲಿ ನಿಂತಿದೆ, ಬೆಂಕಿ ತಗುಲಿದ ಮೈ ಕೆಂಡದ ಬಣ್ಣ, ಮರೆಯಲ್ಲಿದ್ದ ಮೈ ಬೂದು, ಅವಳ ಬೆರಳಿನ ಗುರುತು ಸಹ ಹಾಗೇ ಇದೆ, ಇಂಥದು ಈ ಮನೆಯ ಆವಿಗೆಯಲ್ಲಿ ಎಂದೂ ಬಂದಿರಲಿಲ್ಲ, ಅವರ ಕೈಗೂ ಬಂದಿರಲಿಲ್ಲ, ಒಂದೊಂದೇ ಹಿಂದಕ್ಕೆ ಕೊಟ್ಟಳು, ಕೆನ್‌ಜೊ ಬಟ್ಟಲನ್ನು ಬೆಳಕಿಗೆ ಹಿಡಿದ, ಅತ್ತಿಗೇ, ಅತ್ತಿಗೇ, ಇದೇನಿದು, ಸತ್ತು ಗೆದ್ದ ಕಣ್ರೀ ನಮ್ಮಣ್ಣ, ಎಂದು ಒಂದನ್ನು ಎರಡೂ ಕೈಯಲ್ಲಿ ಹಿಡಿದು, ಅಡಿ ನೋಡಲೇ ಇಲ್ಲ, ಈಗಲೇ ಅವನ ಮುಂದಿಟ್ಟು ಬರ್ತೀನಿ ಎಂದು ಮನೆಯ ಕಡೆ ಓಡಿದ, ಬಿಳಿ ಬಟ್ಟೆ ಸುತ್ತಿದ ಅಸ್ಥಿಯ ಮಡಕೆಯ ಮುಂದೆ ಅವಳ ಮೂರು ಗೆರೆಯ ಬಟ್ಟಲು, ಅದರ ತುಂಬ ಸಾಕೆ, ಕೂಗಿ ತಡೆಯಬೇಕೆಂದು ಅವಳು ತೆವಳಿ ಹೊರಗೆ ಬಂದಳು, ಅಂಗಳದ ಬಿಸಿಲು ಕಣ್ಣಿಗೆ ಹೊಡೆಯಿತು, ಹಲಗೆಯ ಮುಂದೆ ಚಿಹಾರು, ಒದ್ದೆ ಬಟ್ಟೆಯಿಂದ ಒರೆಸಿದ ಬಟ್ಟಲನ್ನು ಬೋರಲು ಹಿಡಿದಿದ್ದಾಳೆ, ಇನ್ನೊಂದನ್ನು ಎತ್ತಿ ಬೋರಲು ಮಾಡಿದಳು, ಮತ್ತೊಂದನ್ನು, ಹತ್ತನ್ನೂ ನೋಡಿದಳು, ಅವಸರವೇ ಇಲ್ಲ, ಆಮೇಲೆ ತಲೆಯೆತ್ತಿದಳು. ಇದಕ್ಕಾ ಅಮ್ಮ. ಮಿತ್ಸುಯೊ ತಲೆಯ ಬಟ್ಟೆ ಬಿಚ್ಚಿದಳು, ಮುಖ ಒರೆಸಿಕೊಂಡಳು, ಬೂದಿ ಇನ್ನಷ್ಟು ಮೆತ್ತಿತು, ಚಿಕ್ಕಪ್ಪ ಆವತ್ತು ಆ ಸೌದೆ ಶೆಡ್ಡಲ್ಲೇ ಮಲಗಿದ್ರು, ಚಿಹಾರು ಅಂದಳು, ಹತ್ತು ಹೆಜ್ಜೆ, ಎಬ್ಬಿಸಬಹುದಿತ್ತು, ನಾನು ಎಷ್ಟು ಸಲ ಕೂಗಿದೆ, ಅಪ್ಪ ಕರೀತಿದಾರೆ ಅಂತ ಎಷ್ಟು ಸಲ, ನಿಂಗೆ ಕೇಳಿಸಿಲ್ಲ ಅಂದ್ಕೊಂಡೆ, ಬೆಂಕಿ ಸದ್ದು ಅಂದ್ಕೊಂಡೆ, ಕೇಳಿಸ್ತಾ. ಕೇಳಿಸ್ತು, ಎಂದಳು. ಬೂದಿ ಕರಗತೊಡಗುವ ಹೊತ್ತು ಅದು, ಮೂರು ನಿಮಿಷಕ್ಕೊಂದು ಸೌದೆ, ಮೈದುನನ ಕೈಗೆ ಕೊಟ್ಟರೆ ಒಮ್ಮೆಲೇ ತುರುಕಿಬಿಡುತ್ತಾನೆ, ಇಲ್ಲವೇ ಬಿಟ್ಟುಬಿಡುತ್ತಾನೆ, ಹಸಿರು ಇಳಿಯುವುದಿಲ್ಲ, ಇನ್ನೊಂದು ಸೌದೆ, ಇದೊಂದು ಹಾಕಿ ಹೋಗುತ್ತೇನೆ ಅಂದುಕೊಂಡಳು, ಹಾಕಿದಳು, ಇದೊಂದು, ಇನ್ನೊಂದು ಹಾಕಿದಳು, ಆರೋ ಏಳೋ, ಆಮೇಲೆ ಕೈ ತೊಳೆದು ಜಗಲಿ ಹತ್ತುವಾಗ ಕೊಳವೆಯಲ್ಲಿ ಗಾಳಿ ಬರುವ ಸದ್ದು ಮಾತ್ರ ಇತ್ತು, ಅದನ್ನು ಎಳೆದುಕೊಳ್ಳುವವರು ಇರಲಿಲ್ಲ. ಅಪ್ಪ ಬೇಡ ಅನ್ನಲಿಲ್ಲ ಅಮ್ಮ, ಚಿಹಾರು ಬಟ್ಟಲನ್ನು ಹಲಗೆಯ ಮೇಲಿಟ್ಟಳು, ಮೆಲ್ಲಗೆ, ಅಂಚು ತಗುಲದ ಹಾಗೆ, ಕೈ ಎತ್ತಿದಳು, ಹೀಗೆ ಮಾಡಿದ್ರು, ಅಂಗೈ ಕೆಳಗೆ ಮಾಡಿಕೊಂಡು, ಯಾರನ್ನಾದರೂ ಹತ್ತಿರ ಬಾ ಅಂತ ಕರೆಯುವಾಗ ಮಕ್ಕಳೂ ಮಾಡುವ ಹಾಗೆ, ಬೆರಳುಗಳನ್ನು ತನ್ನ ಕಡೆಗೆ ಎಳೆದುಕೊಂಡಳು, ಮನೆಯೊಳಗಿಂದ ಕೆನ್‌ಜೊ ಗಂಟೆ ಬಾರಿಸಿದ ಸದ್ದು, ಅವನ ಅಳು, ಮಿತ್ಸುಯೊಗೆ ಗೊತ್ತಿತ್ತು, ಹೊಗೆಯ ನಡುವೆಯೂ ಸ್ಪಷ್ಟವಾಗಿ ಕಂಡಿತ್ತು, ಅಡ್ಡಡ್ಡ ಆಡಿದ ಕೈ ಅಲ್ಲ ಅದು, ಜಗಲಿಯ ಬಾಗಿಲ ಬಳಿ ಹಾಸಿಗೆಯಿಂದ ಒಂದು ಗೇಣು ಮೇಲೆದ್ದ ಕೈ, ಒಣಗಿದ ಕೈ, ಅಂಗೈ ಕೆಳಗೆ, ನಾಲ್ಕು ಬೆರಳು, ತನ್ನ ಕಡೆಗೆ, ತುಸು ನಿಂತು, ಮತ್ತೆ ತನ್ನ ಕಡೆಗೆ —