ಪೇಟ ತೆಗೆಯುವ ಕೈ

ಹೆಣದ ತಲೆಗೆ ನಾರಪ್ಪ ಪೇಟ ಇಟ್ಟ. ಅದು ಜಾರಿ ಕಣ್ಣಿನ ಮೇಲೆ ಬಂದು ಕೂತಿತು. ಎತ್ತಿ ಸರಿಮಾಡಿದ, ಮತ್ತೆ ಜಾರಿತು. ಬದುಕಿದ್ದಾಗ ಹದಿನೇಳು ವರ್ಷ ಪೇಟ ಸುತ್ತದ ತಲೆ, ಸತ್ತ ಮೇಲೆ ಒಪ್ಪಿಕೊಳ್ಳುತ್ತದೆಯೇ?

"ಏಮಯ್ಯಾ, ಯಾರನ್ನ ಕೇಳಿ ಇಟ್ರಿ ಅದನ್ನ?" ಎಂದು ಶಂಕರಯ್ಯ ಎದ್ದುನಿಂತ. ಅವನು ಸತ್ತವನ ಹೆಂಡತಿ ಪದ್ಮಾವತಮ್ಮನ ಅಣ್ಣ. ಹಿಂದೂಪುರದ ಆ ನೇಕಾರರ ಬೀದಿಯಲ್ಲಿ ಅವತ್ತು ಒಂದು ಮಗ್ಗದ ಸದ್ದೂ ಇರಲಿಲ್ಲ.

"ಕೇಳೋದೇನೈತೆ? ನಮ್ಮಣ್ಣ, ನಮ್ಮ ಪೇಟ. ಅಮರೇಶಪ್ಪ ನಾಯಕ ಅಂದ್ರೆ ನಮ್ಮ ಪಾಳೇಪಟ್ಟಿನ ದೊರೆ. ಹೆಣ ಊರಿಗೆ ಬರ್ಬೇಕು," ಎಂದ ನಾರಪ್ಪ.

ದೊರೆಯಂತೆ! ಕಲ್ಯಾಣದುರ್ಗದಿಂದಾಚೆ, ಬ್ರಹ್ಮಸಮುದ್ರದ ದಿಕ್ಕಿಗೆ, ಒಂದೂವರೆ ಬುರುಜು ಉಳಿದಿರುವ ಮಣ್ಣಿನ ಕೋಟೆ. ಅದರೊಳಗೆಲ್ಲ ಜಾಲಿಗಿಡ. ದೊರೆತನದಲ್ಲಿ ಉಳಿದಿದ್ದದ್ದು ಇಷ್ಟೇ: ಊರಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಮೊದಲ ವೀಳ್ಯ ಆ ಪೇಟ ಸುತ್ತಿದವನಿಗೆ. ಆ ಎರಡೆಲೆ ಒಂದಡಿಕೆಗಾಗಿ ನಾರಪ್ಪ ಬಾಡಿಗೆ ಜೀಪು ಹಿಡಿದು, ಊರಿನ ಇಬ್ಬರು ಹಿರಿಯರನ್ನು ಹತ್ತಿಸಿಕೊಂಡು ಬಂದಿದ್ದ. ಅಮರೇಶಪ್ಪನಿಗೆ ಮಕ್ಕಳಿಲ್ಲ. ಮುಂದಿನ ಪೇಟ ಚಿಕ್ಕಪ್ಪನ ಮಗನಾದ ತನಗೇ.

ಆದರೆ ಆ ಮನೆತನದಲ್ಲೊಂದು ಕಟ್ಟಳೆಯಿತ್ತು. ಸತ್ತ ದೊರೆಯ ತಲೆಯಿಂದ ಪೇಟ ತೆಗೆದು ಮುಂದಿನವನ ಕೈಗೆ ಕೊಡಬೇಕಾದವಳು ಅವನ ಹೆಂಡತಿ. ಬೇರೆ ಯಾರು ತೆಗೆದರೂ ಅದು ಬರೀ ಬಟ್ಟೆ. ನೇಕಾರರವಳು ಹೆಂಡತಿಯೇ ಅಲ್ಲ ಎಂದು ಊರೆಲ್ಲ ಸಾರಿಕೊಂಡು ತಿರುಗಿದ್ದ ನಾರಪ್ಪ ಇವತ್ತು ಅವಳ ಮುಂದೆಯೇ ಬಂದು ನಿಲ್ಲಬೇಕಾಗಿತ್ತು.

"ಅತ್ತಿಗೇ, ಒಸಿ ಪೇಟ ತೆಗ್ದು ಕೊಟ್ಬುಡಿ. ಹೊತ್ತಾಯ್ತೈತೆ."

ಅತ್ತಿಗೆ! ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಮಾತು. ಪದ್ಮಾವತಮ್ಮ ಬಾಗಿಲಾಚೆ ನೋಡಿದಳು. ಜೀಪಿನೊಳಗೆ ಅವಳ ಅತ್ತೆ ವೀರಭದ್ರಮ್ಮ ಮುಖ ಆಚೆ ತಿರುಗಿಸಿಕೊಂಡು ಕೂತಿದ್ದಳು. "ನಾನೂ ಬತ್ತೀನಿ" ಎಂದು ಹಟ ಹಿಡಿದು ಜೀಪು ಹತ್ತಿದವಳು ಇಲ್ಲಿಗೆ ಬಂದ ಮೇಲೆ ಇಳಿಯಲೇ ಇಲ್ಲ.

*

ಅಮರೇಶಪ್ಪ ಹಿಂದೂಪುರಕ್ಕೆ ಮೊದಲು ಬಂದದ್ದು ಎಪ್ಪತ್ತೊಂದರಲ್ಲಿ, ಹುಣಸೆಹಣ್ಣು ಮಾರಲು. ಮಂಡಿಯಲ್ಲಿ ಮಾಲು ಇಳಿಸಿ, ಸುಮ್ಮನೆ ತಿರುಗಾಡುತ್ತ ಪದ್ಮಾವತಮ್ಮನ ಅಪ್ಪನ ಮಗ್ಗದ ಮುಂದೆ ನಿಂತ. ಮರುದಿನವೂ ಬಂದ. ಅದರ ಮರುದಿನವೂ ಬಂದ. ಇವನು ನೋಡುವುದು ಮಗ್ಗವನ್ನೋ, ಪಕ್ಕದಲ್ಲಿ ನೂಲು ಸುತ್ತುವ ಹುಡುಗಿಯನ್ನೋ ಎಂದು ಬೀದಿಗೆ ಬೀದಿಯೇ ನಕ್ಕಿತು. ಅವಳನ್ನೇ ಮದುವೆಯಾದ ಮೇಲೆ ಅವನ ಊರು ಬಾಗಿಲು ಹಾಕಿಕೊಂಡಿತು. ಅವನು ಮಾವನ ಮಗ್ಗದ ಗುಂಡಿಗೆ ಕಾಲಿಳಿಸಿ ಕೂತು ನೇಯುವುದನ್ನು ಕಲಿತ.

ಒಮ್ಮೆ ನಾರಪ್ಪ ಬಂದು ಅದನ್ನು ಕಣ್ಣಾರೆ ಕಂಡ.

"ಥೂ! ದೊರೆಯಾಗಿ ಗುಂಡೀಲಿ ಕೂತಿದ್ದೀಯಲ್ಲಣ್ಣ. ನಾವೆಲ್ಲ ನಿನ್ ತಲೆ ಮ್ಯಾಲೆ ನಿಂತಂಗಾಯ್ತು."

"ನಿಂತ್ಕಳಪ್ಪ. ಬೆಳಕಿಗೆ ಮಾತ್ರ ಅಡ್ಡ ಬರಬ್ಯಾಡ," ಎಂದ ಅಮರೇಶಪ್ಪ, ಲಾಳಿ ನಿಲ್ಲಿಸದೆ.

ಸುದ್ದಿ ಊರು ಮುಟ್ಟಿತು. ನನ್ನ ಮಗ ಸತ್ತ ಅಂದ್ಕಂಡಿವ್ನಿ ಎಂದು ತಾಯಿ ಹೇಳಿಕಳಿಸಿದಳು. ಅವತ್ತು ಅವನು ಊಟ ಮಾಡಲಿಲ್ಲ. ತಾಯಿಯ ಮಾತು ಅವನನ್ನು ಕೊನೆಯವರೆಗೂ ಕೊರೆಯಿತು. ಹೋದ ವಾರ ಮಲಗಿದ್ದಲ್ಲಿಂದಲೇ ಹೆಂಡತಿಯ ಕೈ ಹಿಡಿದು ಹೇಳಿದ್ದ: "ನಾನು ಹೋದ್ರೆ ಊರೋರು ಬತ್ತಾರೆ. ಕಳಿಸ್ಬ್ಯಾಡ ಕಣೇ. ಅಲ್ಲಿ ನನ್ನ ಸಮಾಧಿ ಹತ್ರಕ್ಕೂ ನಿನ್ನ ಬುಡಾಕಿಲ್ಲ. ನಾನೊಬ್ನೇ ಏನ್ ಮಾಡ್ಲಿ ಅಲ್ಲಿ?"

"ಸುಮ್ಕಿರಿ, ಬುಡ್ತು ಅನ್ನಿ" ಎಂದು ಗದರಿಸಿದವಳು ಹಿತ್ತಲಿಗೆ ಹೋಗಿ ಅತ್ತಿದ್ದಳು.

*

"ಜೀಪಲ್ಲಿ ನಾನೂ ಬರ್ಲಾ?" ಎಂದು ಪದ್ಮಾವತಮ್ಮ ಈಗ ಕೇಳಿದಳು.

ನಾರಪ್ಪ ಹಿರಿಯರ ಮುಖ ನೋಡಿದ. "ಜೀಪಲ್ಲಿ ಜಾಗ ಎಲ್ಲೈತೆ? ಹಿಂದ್ಲಿಂದ ಕಲ್ಯಾಣದುರ್ಗದ ಬಸ್ಸಿಗೆ ಬಂದ್ಬುಡಿ."

"ಬಂದ್ರೆ ಒಂದು ಹಿಡಿ ಮಣ್ಣು ಹಾಕಾಕೆ ಬುಡ್ತೀರಾ?"

ಹಿರಿಯರಲ್ಲೊಬ್ಬ ಕೆಮ್ಮಿ, "ಅದು ಕುಲದೋರನ್ನ ಹೂಳೋ ತೋಪು ಕಣಮ್ಮ," ಎಂದ.

ಪದ್ಮಾವತಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ಎರಡು ಕೈಯಿಂದ ಗಂಡನ ತಲೆಯ ಪೇಟ ತೆಗೆದಳು. ನಾರಪ್ಪ ತಲೆ ಬಗ್ಗಿಸಿ ಕೈಯೊಡ್ಡಿದ. ಅವಳು ಅವನನ್ನು ದಾಟಿಕೊಂಡು ಸೀದಾ ಅಂಗಳಕ್ಕೆ ಹೋದಳು. ಅಲ್ಲಿ ಹೆಣಕ್ಕೆ ಹುಯ್ಯುವ ನೀರು ಕಾಯುತ್ತಿತ್ತು. ಒಲೆಯ ಉರಿಯ ಮೇಲೆ ಪೇಟ ಹಿಡಿದು ನಿಂತಳು.

"ಅಯ್ಯೋ ದೇವುಡಾ! ಏನ್ ಮಾಡ್ತಾವ್ಳೆ ಇವ್ಳು!" ನಾರಪ್ಪ ಓಡಿಬಂದ.

"ಹತ್ರ ಬಂದ್ರೆ ಕೈ ಬುಡ್ತೀನಿ."

ಅವನು ಇದ್ದಲ್ಲೇ ನಿಂತ. ಪೇಟದ ತುದಿ ಸೀಯುವ ವಾಸನೆ ಎಲ್ಲರ ಮೂಗಿಗೂ ಬಡಿಯಿತು.

"ಇದನ್ನ ತಗಂಡು ಹೋಗ್ರಿ. ನನ್ ಗಂಡನ್ನ ಇಲ್ಲೇ ಬುಟ್ಟು ಹೋಗ್ರಿ. ಎರಡೂ ಬೇಕು ಅಂದ್ರೆ ಒಂದೂ ಇಲ್ಲ."

"ನೇಕಾರರ ಸ್ಮಶಾನದಾಗೆ ನಮ್ ದೊರೆನ ಹೂಳ್ತೀಯಾ?" ನಾರಪ್ಪ ಗಂಟಲು ಹರಿಯುವಂತೆ ಕೂಗಿದ.

"ನಿಮ್ ದೊರೆ ಈಗ ನೀನಲ್ವೇನಪ್ಪ? ಒಳಗೆ ಮಲ್ಗಿರೋರು ನಮ್ಮನೆಯೋರು."

ಶಂಕರಯ್ಯ ತಂಗಿಯ ಪಕ್ಕ ಬಂದು ನಿಂತ. ಬೀದಿಯ ಗಂಡಸರು ಒಬ್ಬೊಬ್ಬರಾಗಿ ಅವನ ಹಿಂದೆ ಸೇರಿದರು. ನಾರಪ್ಪ ಹಿರಿಯರ ಕಡೆ ನೋಡಿದ. ಹಿರಿಯರ ಕಣ್ಣು ಒಲೆಯ ಮೇಲೆಯೇ ಇತ್ತು.

"ತಗಳಪ್ಪ, ತಗ. ಹೆಂಡ್ತಿ ಕೊಡ್ತಾವ್ಳೆ, ತಗಂಡು ನಡಿ," ಎಂದ ಕೆಮ್ಮಿದ ಮುದುಕ.

ಹೆಂಡತಿ ಎಂಬ ಮಾತು ಅವರ ಬಾಯಿಂದಲೇ ಬಂತು. ಪದ್ಮಾವತಮ್ಮ ಪೇಟವನ್ನು ನಾರಪ್ಪನ ಕೈಗಿಟ್ಟು ಒಳಗೆ ಹೋಗಿ ಗಂಡನ ತಲೆಯ ಹತ್ತಿರ ಕುಸಿದು ಕೂತಳು. ಬೆಳಗಿನಿಂದ ತಡೆದಿದ್ದ ಅಳು ಈಗ ಒಡೆಯಿತು. ಹೊರಗೆ ಜೀಪಿನ ಸದ್ದು ಕೇಳಿತು, ಬೀದಿಯ ತಿರುವು ದಾಟಿ ಅಡಗಿತು.

ಧೂಳು ಕೂತ ಮೇಲೆ ನೋಡಿದರೆ ವೀರಭದ್ರಮ್ಮ ಬೀದಿಯಲ್ಲೇ ನಿಂತಿದ್ದಳು. ಯಾವಾಗ ಇಳಿದಳೋ ಯಾರೂ ಕಂಡಿರಲಿಲ್ಲ. ಜನ ದಾರಿ ಬಿಟ್ಟರು. ಮುದುಕಿ ಗೋಡೆ ಹಿಡಿದುಕೊಂಡು ಒಳಗೆ ಬಂದು, ಸೊಸೆಯ ಕಡೆ ನೋಡದೆ, ಮಗನ ಪಕ್ಕ ಕೂತು ಅವನ ಬಲಗೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಬೆರಳಿನ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೆಂಪು ಕೂತಿತ್ತು. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ.

"ಏನವ್ವ ಇದು, ರಕ್ತವಾ?"

"ಬಣ್ಣ, ಅತ್ತೆ. ನೂಲಿಗೆ ಹಾಕೋದು. ತೊಳೆದ್ರೂ ಹೋಗಲ್ಲ."

ಮುದುಕಿ ಸೆರಗಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಇನ್ನಷ್ಟು ತಿಕ್ಕಿದಳು. ಆಮೇಲೆ ಬಿಟ್ಟಳು. ಹೊದಿಸಿದ್ದ ಬಿಳಿ ಪಂಚೆಯೊಳಗೆ ಆ ಕೈಯನ್ನು ಸೇರಿಸಲು ಶಂಕರಯ್ಯ ಬಗ್ಗಿದಾಗ ಅವನನ್ನು ತಡೆದು, ಮಗನ ಕೈಯನ್ನು ತಾನೇ ಎತ್ತಿ ಪಂಚೆಯ ಮೇಲೆ, ಬಂದವರಿಗೆಲ್ಲ ಕಾಣುವಂತೆ ಇಟ್ಟಳು.